ಹನ್ನೆರಡು ನಿಮಿಷ

ಮೇಜಿನ ಕೆಳಗ ಒಂದು ಕರೀ ಡಬ್ಬಿ.
ನಾಕು ವರ್ಷ ಅದು ನನಗ ಕಾಲಿಡೋ ಮಣಿ.
ಕರೆಂಟ್ ಹ್ವಾದ್ರ ಕೀಂಯ್ ಅಂತಿತ್ತು,
ಎರಡು ನಿಮಿಷಕ್ಕ ಕಂಪ್ಯೂಟರ್ ಗಪ್,
ಅರ್ಧ ಏರಿದ ದಸ್ತಾವೇಜು ಅಲ್ಲೇ ಸಾಯ್ತಿತ್ತು.
ಮಂದಿ ನನಗ ಬೈತಿದ್ರು,
ನಾ ಜೆಸ್ಕಾಂಗೆ ಬೈತಿದ್ದೆ.

ಹೋದ ಅಮಾಸಿ ಮುಂದ ರಿಪೇರಿ ತಾಜುದ್ದೀನ ಬಂದು
ಪರದೆ ಮೂಲ್ಯಾಗ, ಗಡಿಯಾರದ ಬಾಜೂಕ
ಅಡಗಿ ಕುಂತ ಸಣ್ಣ ಗುರುತು ಒತ್ತಿದ.
‘ಇದಕ್ಕ ಬಾಯಿ ಇತ್ತು ಮೇಡಂ, ನೀವೇ ಕಿವಿ ಕೊಟ್ಟಿಲ್ಲ’
ಅಂದ, ಚಹಾ ಕುಡದ, ಹ್ವಾದ.

ಹಸಿರು ಕಿಟಕಿ ತೆರೀತು.
ಒಳಬರೋ ವೋಲ್ಟೇಜು ನೂರಾ ಎಂಬತ್ತೊಂದು,
ಹೊರೆ ಮೂವತ್ತೆಂಟು ಪರ್ಸೆಂಟ್,
ಬ್ಯಾಟರಿ ತುಂಬ್ಯದ.
ನಾಕು ವರ್ಷದ್ದೆಲ್ಲ ಬರದಿಟ್ಟದ ಪುಣ್ಯಾತ್ಮ:
ಹತ್ತೂ ಹದಿನೇಳಕ್ಕ ಹ್ವಾದದ್ದು, ಹತ್ತೂ ಹದಿನೆಂಟಕ್ಕ ಬಂದದ್ದು,
ಬಾಜೂದ ಹಿಟ್ಟಿನ ಗಿರಣಿ ಚಾಲೂ ಆದಾಗೆಲ್ಲ
ಎಷ್ಟು ಸೊರಗಿದ್ದು, ಎಷ್ಟು ಚಣಕ್ಕ ಚೇತರಿಸಿದ್ದು.
ಇಷ್ಟು ವರ್ಷದ ಸಂಸಾರದಾಗ
ನನ್ನ ಲೆಕ್ಕ ಹಿಂಗ ಯಾರೂ ಇಟ್ಟಿಲ್ಲ.

ಅದು ಕೇಳ್ತದ:
ಎಷ್ಟು ಏರಿಳಿತಕ್ಕ ನಾ ಗಾಬರಿ ಆಗಲಿ?
ಹೆಚ್ಚು, ಮಧ್ಯಮ, ಕಡಿಮಿ.
ಕಡಿಮಿ ಒತ್ತಿದೆ. ಸೇಡಂದಾಗ ಬಾಳೇವು ಮಾಡಬೇಕಂದ್ರ ಹಂಗೇ.
ಕೂಗಲೋ, ಸುಮ್ಮನಿರಲೋ?
ಸುಮ್ಮನಿರು.
ಕರೆಂಟ್ ಹ್ವಾದ ಮ್ಯಾಲ ಎಷ್ಟು ಹೊತ್ತು ತಡಕೊಳ್ಳಲಿ?
ಯಾರೋ ಎರಡು ಅಂತ ತುಂಬಿದ್ರು.
ತಾಕತ್ತು ನೋಡಿದ್ರ ಹತ್ತೊಂಬತ್ತು.
ಹದಿನೇಳು ನಿಮಿಷ, ಪ್ರತೀ ಸಲ, ಮಣ್ಣಿಗೆ ಚೆಲ್ಲೀವಿ!
ಎರಡು ಅಳಿಸಿ ಹನ್ನೆರಡು ಬರದೆ,
ಉಳಿದದ್ದು ಮರ್ಯಾದೀಲೆ ಕಣ್ಣು ಮುಚ್ಚಲಿಕ್ಕ.

ಮಂಗಳವಾರ. ಹೊರಗ ಬಿಸಿಲು ಸಿಮೆಂಟಿನ ಧೂಳಿನಂಗ ನಿಂತಿತ್ತು.
ಮುಧೋಳದ ಚಂದ್ರಭಾಗಮ್ಮ, ಹಕ್ಕು ಬಿಡುಗಡೆ ಪತ್ರ,
ತೊಗರಿ ಹೊಲ ಮೂರೆಕರೆ ಹತ್ತು ಗುಂಟೆ.
ಅಣ್ಣ ಸಾಯಬಣ್ಣ, ತಮ್ಮ ಒಬ್ಬ, ಸಾಕ್ಷಿ ಇಬ್ಬರು.
ಹೊಸ ಸೀರಿ, ಅವರೇ ತಂದದ್ದು, ಮಡಿಕಿ ಇನ್ನಾ ಮುರಿದಿಲ್ಲ.
ಫೋಟೋ ಆಯ್ತು.
‘ಎಡಗೈ ಹೆಬ್ಬೆಟ್ಟು ಗಾಜಿನ ಮ್ಯಾಲ ಇಡ್ರಿ’ ಅಂದೆ.
ಇಟ್ಟಳು.
ಫ್ಯಾನು ನಿಂತಿತು.

ಪರದೆ ಮಾತ್ರ ಹಂಗೇ ಉರೀತಿತ್ತು. ಕೀಂಯ್ ಇಲ್ಲ.
ಅಷ್ಟು ಶಾಂತ ಆ ಕಚೇರ್ಯಾಗ ನಾ ಕೇಳಿದ್ದಿಲ್ಲ.
‘ಒತ್ತವಾ, ಯಂತ್ರ ಇನ್ನಾ ಜೀವಂತ ಅದ’ ಅಂದ ಅಣ್ಣ.
ಒತ್ತಿದಳು. ಮೂಡಲಿಲ್ಲ.
ಬೆವರಿಗೆ ಗೆರಿ ಮುಚ್ಚಿದ್ದವು. ಒರೆಸಿಕೊಳ್ರಿ ಅಂದೆ.
ಹೊಸ ಸೀರಿಗೆ ಒರೆಸಲಿಲ್ಲ ಆಕಿ,
ಕೈ ಹಂಗೇ ಗಾಳ್ಯಾಗ ಹಿಡಕೊಂಡು ಕೇಳಿದಳು:
‘ಅದು ಎಷ್ಟೊತ್ತು ತಡೀತದ, ತಂಗಿ?’
‘ಹನ್ನೆರಡು ನಿಮಿಷ.’
‘ಯಾರು ಕೊಟ್ರು ಅದಕ್ಕ?’
‘ನಾನೇ.’
ಡಬ್ಬಿ ಕಡೆ ಬಗ್ಗಿ ನೋಡಿದಳು,
ತೊಟ್ಟಿಲದಾಗ ಇಣುಕಿದಂಗ.
‘ನೀರು ಕುಡದು ಬರ್ತೀನಿ.’

ಒಂಬತ್ತು.
ಆರು ಇದ್ದಾಗ ತಮ್ಮ ಬಾಗಿಲ ತನಕ ಹ್ವಾದ.
ಮೂರು ಇದ್ದಾಗ ಅಣ್ಣ ನನ್ನ ದಿಟ್ಟಿಸಿದ,
ಆ ಆಕಡಿ ನಾನೇ ಕದ್ದಂಗ.
ಹೊರಗ ಚರಿಗಿ ಕಟ್ಟಿ ಮ್ಯಾಲ ಬೋರಲು.
ಫರಸಿ ಮ್ಯಾಲ ಹಸೀ ಹೆಜ್ಜಿ ನಾಕು,
ಬಸ್ ಸ್ಟ್ಯಾಂಡಿನ ದಿಕ್ಕಿಗೆ,
ಐದನೇದು ಆಗಲೇ ಆರಿತ್ತು.

ಪರದೆ ತಾನಾಗೇ ಕತ್ತಲಾಯ್ತು.

ಸಂಜಿಗೆ ಕರೆಂಟ್ ಬಂದ ಮ್ಯಾಲ ಹಸಿರು ಕಿಟಕಿ ತೆರದು ನೋಡಿದೆ.
ಮೂರೂ ನಲವತ್ತೊಂದು: ಒಳಬರುವ ವಿದ್ಯುತ್ ಕಡಿತ.
ಮೂರೂ ಐವತ್ತಮೂರು: ನಿಗದಿತ ಅವಧಿ ಮುಕ್ತಾಯ.
ಕ್ರಮಬದ್ಧವಾಗಿ ಸ್ಥಗಿತಗೊಳಿಸಲಾಗಿದೆ.
ಯಾವುದೇ ನಷ್ಟವಾಗಿಲ್ಲ.

ಸಾಹೇಬರು ಎರಡಕ್ಕೇ ಇಡು ಅಂದಾರ. ಹೂಂ ಅಂದೀನಿ.
ಇನ್ನಾ ಇಟ್ಟಿಲ್ಲ.
ಡಬ್ಬಿ ಮ್ಯಾಲಿಂದ ಕಾಲು ಮಾತ್ರ
ಹಗೂರ ತಗದೀನಿ.